ಓಟಿಲ್ಲದ ದಿವಾನರು

ಇಂಜಿನಿಯರಿಂಗ್ ಓದಿದ ನಮಗೆಲ್ಲ ವಿಶ್ವೇಶ್ವರಯ್ಯ ದೇವರು. 'ಅಂಥೋರು ಒಬ್ರು ಬಂದ್ರೆ ಎಲೆಕ್ಷನ್ನೇ ಬೇಡ' ಅಂತ ಟೀ ಬ್ರೇಕಲ್ಲಿ ನಾನೂ ಹೇಳಿದ್ದುಂಟು. ಈಗ ಆ ಮಾತು ಪೊಳ್ಳು ಅನ್ನಿಸುತ್ತೆ.

1910ರಲ್ಲಿ ನ್ಯೂಜೆರ್ಸಿಯ ಜನ ಓಟು ಹಾಕಿ ವುಡ್ರೋ ವಿಲ್ಸನ್‌ರನ್ನು ಗವರ್ನರ್ ಮಾಡಿದರು; ಹೆಂಗಸರಿಗೆ ಮಾತ್ರ ಓಟಿರಲಿಲ್ಲ. 1912ರಲ್ಲಿ ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ಆರಿಸಿದ್ದು ಒಬ್ಬರೇ, ಮಹಾರಾಜರು. 1881ರಿಂದ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಅದು ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ಅದರ ಓಟೂ ಹೆಚ್ಚಾಗಿ ಕಂದಾಯ ಕಟ್ಟುವ ಉಳ್ಳವರಿಗೆ. ಬಾತಿಯಲ್ಲಿ ಕೂಲಿ ಮಾಡುತ್ತಿದ್ದ ನಮ್ಮ ಮುತ್ತಜ್ಜನಿಗೆ ಅದೂ ಇರಲಿಲ್ಲ.

ಒಳ್ಳೆ ದಿವಾನರು ಸಿಕ್ಕಿದ್ದು ಅದೃಷ್ಟ. ಕೆಟ್ಟವರು ಸಿಕ್ಕಿದ್ದರೆ?

ಕಳೆದ ಎಲೆಕ್ಷನ್‌ಗೆ ನಾನು ಊರಿಗೆ ಹೋಗದೆ, ರಜೆ ಅಂತ ಬೆಂಗಳೂರಲ್ಲೇ ಮಲಗಿದ್ದೆ. ಮುತ್ತಜ್ಜ ಇದ್ದಿದ್ದರೆ ಬೈಯುತ್ತಿದ್ದ.