ಮೊರಿಬಿತೊ ಕಾದಂಬರಿಯೂ ಗುಹಾಸುರನ ಕಥೆಯೂ

ಜಪಾನಿನ ಜನಪದ ಕಥೆಗಳನ್ನು ಆಧಾರವಾಗಿಟ್ಟುಕೊಂಡು ತರುಣರಿಗಾಗಿ ರಚಿತವಾದ ಅದ್ಭುತ ಕಾದಂಬರಿಗಳು ಈಚೆಗೆ ಇಂಗ್ಲಿಷಿನ ಮೂಲಕ ನಮ್ಮ ವಿದ್ಯಾರ್ಥಿಗಳ ಕೈಸೇರುತ್ತಿವೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಬೆಳೆಯುವ ಹದಿನೈದರ ಹುಡುಗನಿಗೆ ಮನುಷ್ಯರೂಪ ತಾಳುವ ಜಪಾನಿನ ನರಿಯ ಪರಿಚಯವಿದ್ದು, ಸುಮಾರು 14 ಕಿಲೋಮೀಟರು ದೂರದ ಹರಿಹರದ ಗುಹಾಸುರನ ಪರಿಚಯವಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಇದಕ್ಕಾಗಿ ಹುಡುಗನನ್ನು ಜರೆಯುವುದಕ್ಕಿಂತ ಆ ಕಾದಂಬರಿಗಳು ಜನಪದದಿಂದ ಏನನ್ನು ಪಡೆದಿವೆಯೆಂದು ವಿಚಾರಿಸುವುದು ಮೇಲು.

ಈ ಬಗೆಯ ಗ್ರಂಥಗಳೆಲ್ಲವೂ ಒಂದೇ ತರಗತಿಯವಲ್ಲ. ಜೂಲಿ ಕಗಾವ ಎಂಬ ಅಮೆರಿಕದ ಲೇಖಕಿ 2018ರಲ್ಲಿ ಪ್ರಾರಂಭಿಸಿದ ನರಿಕನ್ಯೆಯ ಕಥಾತ್ರಯವನ್ನು ತೆಗೆದುಕೊಳ್ಳಬಹುದು. ಅದರಲ್ಲಿ ವೇಗವುಂಟು, ವಿನೋದವುಂಟು. ಭೂತಪ್ರೇತಗಳಂತೂ ಸಂತೆಯಂತೆ ನೆರೆದಿವೆ. ಆದರೆ ಅವು ಪ್ರಯಾಣದ ದಾರಿಯಲ್ಲಿ ಎದುರಾಗಿ ಹಿಂದೆ ಸರಿಯುವ ವಿಚಿತ್ರಗಳು. ಹೆಸರುಗಳನ್ನು ಬದಲಾಯಿಸಿ ಬೇರೊಂದು ದೇಶದ ಭೂತಗಳನ್ನು ಅಲ್ಲಿ ನಿಲ್ಲಿಸಿದರೂ ಕಥೆಗೆ ಹೆಚ್ಚಿನ ಹಾನಿಯಾಗದು.

ಉಎಹಾಶಿ ನಹೋಕೊ ಅವರ ‘ಸೇಯ್‌ರೇಯ್ ನೊ ಮೊರಿಬಿತೊ’ ಇದಕ್ಕಿಂತ ಬೇರೆಯಾದ ಕೃತಿ. 1996ರಲ್ಲಿ ಜಪಾನೀ ಭಾಷೆಯಲ್ಲಿಯೂ 2008ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾದ ಈ ಕಾದಂಬರಿಯ ಕರ್ತೃ ಮಾನವಶಾಸ್ತ್ರದ ವಿದ್ವಾಂಸೆ. ಆಸ್ಟ್ರೇಲಿಯದ ಮೂಲನಿವಾಸಿಗಳನ್ನು ಕುರಿತು ಸಂಶೋಧನೆ ನಡೆಸಿದವರು. 2014ರಲ್ಲಿ ಅವರಿಗೆ ಆಂಡರ್ಸನ್ ಪಾರಿತೋಷಕ ಸಂದಿತು. ಕಥೆಯ ನಾಡು ಕಲ್ಪಿತವಾದುದು. ಅಲ್ಲಿಯ ರಾಜಕುಮಾರ ಚಗುಮ್‌ನ ದೇಹದಲ್ಲಿ ಜಲಸತ್ತ್ವವೊಂದು ತನ್ನ ಮೊಟ್ಟೆಯನ್ನಿಟ್ಟಿದೆ. ರಾಜವಂಶದ ಮೂಲಪುರುಷನು ಜಲರಾಕ್ಷಸನನ್ನು ಕೊಂದು ರಾಜ್ಯವನ್ನು ಸ್ಥಾಪಿಸಿದನೆಂಬುದು ಅರಮನೆಯ ಪುರಾಣ. ಆ ಪುರಾಣಕ್ಕೆ ಕಳಂಕ ತಗುಲಬಾರದೆಂದು ತಂದೆಯೇ ಮಗನ ಕೊಲೆಗೆ ಗುಟ್ಟಾಗಿ ಅಪ್ಪಣೆ ಕೊಡುತ್ತಾನೆ. ಬಾಲಕನನ್ನು ಕಾಯುವವಳು ಬಾಲ್ಸಾ, ಮೂವತ್ತು ವರ್ಷದ ಭರ್ಜಿಗಾರ್ತಿ. ತರುಣರ ಕಥೆಗೆ ಇಷ್ಟು ವಯಸ್ಸಿನ, ಗಾಯದ ಗುರುತುಗಳನ್ನು ಹೊತ್ತ ಹೆಂಗಸನ್ನು ನಾಯಿಕೆಯಾಗಿ ಮಾಡಿದ ಧೈರ್ಯ ಮೆಚ್ಚತಕ್ಕದ್ದು.

ಕಾದಂಬರಿಯ ತಿರುಳಿರುವುದು ಎರಡು ಕಥೆಗಳ ಘರ್ಷಣೆಯಲ್ಲಿ. ಆ ನೆಲದ ಹಿಂದಿನ ನಿವಾಸಿಗಳಾದ ಯಾಕೂ ಜನರ ದೃಷ್ಟಿಯಲ್ಲಿ ಆ ಸತ್ತ್ವವು ರಾಕ್ಷಸನಲ್ಲ, ಮಳೆಯನ್ನು ಕೊಡತಕ್ಕದ್ದು. ಮೊಟ್ಟೆ ನಾಶವಾದರೆ ನಾಡಿಗೆ ಬರಗಾಲ. ಆದರೆ ಯಾಕೂ ಜನರೇ ಈ ತಿಳಿವಳಿಕೆಯಲ್ಲಿ ಬಹುಭಾಗವನ್ನು ಮರೆತಿದ್ದಾರೆ. ಅರಮನೆಯ ಗುಪ್ತಲೇಖನದಲ್ಲಿ ಒಂದಂಶ, ಹಳ್ಳಿಯ ಹಬ್ಬದಾಚರಣೆಯಲ್ಲಿ ಇನ್ನೊಂದಂಶ ಉಳಿದಿದೆ. ಇವು ಕೂಡಿದಾಗಲೇ ಬಾಲಕನ ಪ್ರಾಣ ಉಳಿಯುವ ದಾರಿ ಕಾಣುತ್ತದೆ. ಜನಪದವು ಇಲ್ಲಿ ಅಲಂಕಾರವಾಗಿಲ್ಲ, ಪ್ರಮಾಣವಾಗಿದೆ. ಅದನ್ನು ತಪ್ಪಾಗಿ ಓದಿದರೆ ಮಗುವೊಂದು ಸಾಯುತ್ತದೆ. ಮೊಟ್ಟೆಯನ್ನು ತಿನ್ನಬರುವ ರಾರುಂಗವೆಂಬ ಪ್ರಾಣಿಯ ಚಿತ್ರಣ ಮಾತ್ರ ಸಪ್ಪೆ. ಉಳಿದೆಲ್ಲಕ್ಕೂ ಎರಡು ಮುಖಗಳನ್ನು ಕೊಟ್ಟ ಲೇಖಕಿ ಇದಕ್ಕೆ ಒಂದನ್ನೇ ಕೊಟ್ಟರು.

ಈಗ ಹರಿಹರಕ್ಕೆ ಬರೋಣ. ತುಂಗಭದ್ರೆಗೆ ಹರಿದ್ರಾ ನದಿ ಸೇರುವ ಈ ಕೂಡಲೂರಿನಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರನ ದೇಗುಲವನ್ನು ಕಟ್ಟಿಸಿದನು. ಇಲ್ಲಿಯ ಶಾಸನಗಳು ರೈಸರ ಎಪಿಗ್ರಾಫಿಯ ಕರ್ಣಾಟಿಕದ 11ನೆಯ ಸಂಪುಟದಲ್ಲಿವೆ. ಹರಿಯಿಂದಾಗಲಿ ಹರನಿಂದಾಗಲಿ ಸಾವಿಲ್ಲದ ವರವನ್ನು ಗುಹಾಸುರನು ಬ್ರಹ್ಮನಿಂದ ಪಡೆದನೆಂದೂ, ಇಬ್ಬರೂ ಒಂದೇ ದೇಹವಾಗಿ ಅವನನ್ನು ಕೊಂದರೆಂದೂ ಸ್ಥಳಪುರಾಣ. ಶೈವ ವೈಷ್ಣವ ಸಮನ್ವಯಕ್ಕೆ ನಿದರ್ಶನವೆಂದು ವಿದ್ವಾಂಸರು ಇದನ್ನು ಎತ್ತಿ ಹೇಳುವುದುಂಟು, ಅದು ಸರಿಯೇ. ಆದರೆ ಆ ವ್ಯಾಖ್ಯಾನದಲ್ಲಿ ಅಸುರನಿಗೆ ಸಾಯುವ ಕೆಲಸವೊಂದೇ ಉಳಿಯುತ್ತದೆ.

ಅವನ ಸೀಮೆಯ ಎಲ್ಲೆಗಳನ್ನು ಐತಿಹ್ಯವು ಹೀಗೆ ಹೇಳುತ್ತದೆ: ಮೂಡಲಿಗೆ ಉಚ್ಚಂಗಿದುರ್ಗ, ತೆಂಕಲಿಗೆ ಗೋವಿನಹಾಳು, ಪಡುವಲಿಗೆ ಮುದನೂರು, ಬಡಗಲಿಗೆ ಐರಣಿ. ದತ್ತಿಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ. ಇದು ಭೂಮಿಗೆ ಚತುಸ್ಸೀಮೆಯನ್ನು ಹೇಳುವ ಕ್ರಮ. ಲೋಕಕಂಟಕನಾದ ಅಸುರನಿಗೆ ನಾಲ್ಕು ಊರುಗಳ ಎಲ್ಲೆಯೇಕೆ? ಇದೊಂದರಿಂದಲೇ ಅವನು ಚಾರಿತ್ರಿಕ ಪಾಳೆಯಗಾರನೆಂದೋ ಯಾವುದೋ ಬುಡಕಟ್ಟಿನ ಮುಖ್ಯನೆಂದೋ ನಿರ್ಣಯಿಸುವುದು ಸಾಹಸವಾದೀತು. ಸಂಶೋಧಕನು ಅಲ್ಲಿ ನಿಲ್ಲಬೇಕು. ಕಾದಂಬರಿಕಾರನಿಗೆ ಆ ಕಟ್ಟಿಲ್ಲ. ಕ್ಷೇತ್ರಕ್ಕೆ ಗುಹಾರಣ್ಯವೆಂಬ ಹೆಸರೂ ಉಂಟು. ಕೊಂದವರ ಹೆಸರಿನ ಊರಿಗೆ ಸತ್ತವನ ಹೆಸರೂ ಅಂಟಿಕೊಂಡಿದೆ. ಆ ಅರಣ್ಯದಲ್ಲಿ ಯಾರಿದ್ದರು, ಅವರು ಈ ಕಥೆಯನ್ನು ತಮ್ಮ ಮಕ್ಕಳಿಗೆ ಹೇಗೆ ಹೇಳಿಯಾರು ಎಂದು ಕೇಳುವವನಿಗೆ ಉಎಹಾಶಿಯವರ ಮಾರ್ಗ ತೆರೆದೇ ಇದೆ.

ತೊಡಕು ಬೇರೊಂದಿದೆ. ಉಎಹಾಶಿಯವರು ಕಲ್ಪಿತ ರಾಜ್ಯವನ್ನು ಕಟ್ಟಿದ್ದರಿಂದ ಯಾವ ಭಕ್ತನ ಮನಸ್ಸೂ ನೋಯುವ ಪ್ರಮೇಯವಿರಲಿಲ್ಲ. ಹರಿಹರೇಶ್ವರನಾದರೋ ಇಂದಿಗೂ ಪೂಜೆಗೊಳ್ಳುವ ದೇವರು. ಹೆಸರುಗಳನ್ನು ಮರೆಸಿ ಬರೆದರೆ ಉಚ್ಚಂಗಿ, ಐರಣಿಗಳ ನೆಲದ ಗುರುತು ಅಳಿಯುತ್ತದೆ. ಉಳಿಸಿ ಬರೆದರೆ ಪ್ರತಿ ವಾಕ್ಯಕ್ಕೂ ಲೇಖಕನು ಹೊಣೆಗಾರನಾಗಬೇಕು. ನನಗೆ ಎರಡನೆಯ ದಾರಿಯೇ ಒಪ್ಪಿತ. ಕೂಡಿದ ಮೂರ್ತಿಯ ಮಹಿಮೆಗೆ ಕುಂದು ತಾರದೆಯೇ, ಆ ನಾಲ್ಕು ಎಲ್ಲೆಗಳೊಳಗಿನ ಹಳ್ಳಿಯ ಬಾಲಕಿಯೊಬ್ಬಳ ಕಣ್ಣಿನಿಂದ ಯುದ್ಧದ ಮರುದಿನವನ್ನು ಬರೆಯಬಹುದು.