ವಿಲಿಯಂ ಬರ್ಡನ ದಿನಚರಿಯಲ್ಲಿ ಗೃಹಜೀವನ

ವರ್ಜೀನಿಯ ಪ್ರಾಂತದಲ್ಲಿ, ಜೇಮ್ಸ್ ನದಿಯ ದಂಡೆಯ ಮೇಲಿನ ವೆಸ್ಟೋವರ್ ಎಂಬ ಹೊಗೆಸೊಪ್ಪಿನ ತೋಟಕ್ಕೆ ಒಡೆಯನಾಗಿದ್ದ ಎರಡನೆಯ ವಿಲಿಯಂ ಬರ್ಡನು (೧೬೭೪–೧೭೪೪) ತನ್ನ ದಿನಚರಿಯನ್ನು ಶೀಘ್ರಲಿಪಿಯಲ್ಲಿ ಬರೆದಿಟ್ಟನು. ಅದರ ೧೭೦೯–೧೨ರ ಭಾಗವು ೧೯೪೧ರಲ್ಲಿ ಅಚ್ಚಾಯಿತು. ಅವನನ್ನು ‘ಅಮೆರಿಕದ ಪೀಪ್ಸ್’ ಎಂದು ಕರೆಯುವುದು ವಿಮರ್ಶಕರಲ್ಲಿ ವಾಡಿಕೆಯಾಗಿದೆ. ಇಬ್ಬರೂ ಗೂಢಲಿಪಿಯನ್ನು ಬಳಸಿದರು, ಇಬ್ಬರೂ ತಮ್ಮ ದೌರ್ಬಲ್ಯಗಳನ್ನು ಬರೆದಿಟ್ಟರು ಎಂಬಷ್ಟರ ಮಟ್ಟಿಗೆ ಈ ಹೋಲಿಕೆ ಸಾಧುವಾದುದು. ಆದರೆ ಪೀಪ್ಸನಲ್ಲಿ ಕಾಣುವ ಕುತೂಹಲವಾಗಲಿ, ಪರರ ಮಾತಿಗೆ ತೆರೆದ ಕಿವಿಯಾಗಲಿ ಬರ್ಡನ ದಿನಚರಿಯಲ್ಲಿ ದೊರೆಯುವುದಿಲ್ಲ. ಈ ಕೊರತೆಯೇ ಇಲ್ಲಿ ವಿಚಾರಣೀಯವಾದ ಅಂಶ.

ಪ್ರತಿದಿನದ ಬರಹಕ್ಕೂ ಒಂದೇ ಅಚ್ಚು. ಎದ್ದ ಹೊತ್ತು, ಓದಿದ ಹೀಬ್ರೂ ಮತ್ತು ಗ್ರೀಕ್ ಭಾಗಗಳು, ಬೆಳಗಿನ ಹಾಲು, ನೃತ್ಯವೆಂದು ಅವನು ಕರೆಯುವ ಅಂಗಸಾಧನೆ, ಮಧ್ಯಾಹ್ನ ಉಂಡ ಪದಾರ್ಥ, ತೋಟದ ತಿರುಗಾಟ, ಮಲಗುವ ಮುನ್ನ ದೇವರಿಗೆ ಕೃತಜ್ಞತೆ: ಈ ಕ್ರಮ ತಪ್ಪುವುದು ವಿರಳ. ಇದು ಶೈಲಿಯ ಅಸಾಮರ್ಥ್ಯವಲ್ಲ. ೧೭೨೮ರಲ್ಲಿ ವರ್ಜೀನಿಯ, ಉತ್ತರ ಕೆರೋಲಿನಗಳ ಗಡಿಯನ್ನು ಅಳೆಯಲು ಹೋದುದನ್ನು ಕುರಿತು ಇದೇ ಲೇಖಕನು ಬರೆದ ವೃತ್ತಾಂತವು ವ್ಯಂಗ್ಯ ವಿನೋದಗಳಿಂದ ತುಂಬಿದೆ. ಪರರಿಗಾಗಿ ಬರೆಯುವಾಗ ಅಷ್ಟು ಚತುರನಾದವನು ತನಗಾಗಿ ಬರೆಯುವಾಗ ಲೆಕ್ಕ ಬರೆಯುವ ಗುಮಾಸ್ತನಾಗುತ್ತಾನೆ. ತನ್ನ ಮನೆ, ಮೈ, ಮನಸ್ಸು ಮೂರೂ ತನ್ನ ಅಂಕೆಯಲ್ಲಿವೆಯೆಂದು ತನಗೆ ತಾನೇ ದಿನವೂ ಒಪ್ಪಿಸುವ ಲೆಕ್ಕವಿದು.

ಆ ಕಾಲದ ತೋಟದೊಡೆಯರ ಗೃಹಜೀವನವನ್ನು ಅರಿಯಲು ಇತಿಹಾಸಕಾರರು ಒಡೆಯನ ಮರಣಾನಂತರ ಸಿದ್ಧಪಡಿಸಿದ ಆಸ್ತಿಪಟ್ಟಿಗಳನ್ನು ಆಶ್ರಯಿಸುತ್ತಾರೆ. ಗರಿಯ ಹಾಸಿಗೆ, ಪಾತ್ರೆಪಡಗ, ಒಲೆಯ ಇಕ್ಕಳ ಮೊದಲಾದುವುಗಳೊಡನೆ ಗುಲಾಮರ ಹೆಸರುಗಳೂ ಬೆಲೆಸಹಿತವಾಗಿ ಅಂಥ ಪಟ್ಟಿಗಳಲ್ಲಿ ಬರುತ್ತವೆ. ಪಟ್ಟಿಯು ಮನೆಯಲ್ಲಿ ಏನೇನಿತ್ತೆಂಬುದನ್ನು ತಿಳಿಸುತ್ತದೆ. ಅದರ ಬಳಕೆಯನ್ನು ತಿಳಿಸದು. ದಿನಚರಿ ತಿಳಿಸುತ್ತದೆ. ೧೭೧೦ರ ಜುಲೈನಲ್ಲಿ ಬರ್ಡನ ಹೆಂಡತಿ ಲೂಸಿಯು ಪುಟ್ಟ ಜೆನ್ನಿಯೆಂಬ ದಾಸಿಗೆ ಕಾದ ಕಬ್ಬಿಣದಿಂದ ಬರೆ ಹಾಕಿಸಿದಳು. ೧೭೧೨ರ ಮಾರ್ಚಿಯಲ್ಲಿ ಜೆನ್ನಿಯನ್ನು ಇಕ್ಕಳದಿಂದ ಹೊಡೆಯುತ್ತಿರಲು ಬರ್ಡನು ಬಿಡಿಸಿದನು. ಎರಡು ಕಡೆಯೂ ವಾಕ್ಯದ ಭಾರ ಬೀಳುವುದು ದಂಪತಿಗಳ ಜಗಳದ ಮೇಲೆ. ಬರೆ ಹಾಕಿಸಿದುದು ತನ್ನ ಇಚ್ಛೆಗೆ ವಿರುದ್ಧವಾಗಿ ಎಂಬುದು ಅವನ ದೂರು. ಬೆಂದವಳ ನೋವಿಗೆ ಒಂದು ಪದವೂ ಇಲ್ಲ. ತಾನೇ ಆಳುಗಳನ್ನು ಥಳಿಸಿದ ಸಂಗತಿಯನ್ನು ಹಾಲು ಕುಡಿದ ಸಂಗತಿಯಷ್ಟೇ ನಿರ್ವಿಕಾರವಾಗಿ ಬರೆಯುವವನಿಂದ ಅದನ್ನು ನಿರೀಕ್ಷಿಸುವಂತೆಯೂ ಇಲ್ಲ.

ಲೂಸಿಯೂ ಈ ಮನೆಯಲ್ಲಿ ಸ್ವತಂತ್ರಳಲ್ಲ. ಬರ್ಡನ ಗ್ರಂಥಭಂಡಾರವು ಕಡೆಗೆ ಮೂರು ಸಾವಿರಕ್ಕೂ ಮಿಕ್ಕ ಸಂಪುಟಗಳಿಗೆ ಬೆಳೆಯಿತು. ಆದರೆ ಅದರೊಳಗಿನ ಪುಸ್ತಕವೊಂದನ್ನು ಹೆಂಡತಿಗೆ ಕೊಡಲೊಪ್ಪದೆ ಜಗಳವಾದುದನ್ನು ಅವನೇ ಬರೆದಿದ್ದಾನೆ. ಗಂಡನಿಂದ ಪುಸ್ತಕವನ್ನು ಪಡೆಯಲಾರದವಳು ದಾಸಿಯ ಮೇಲೆ ಇಕ್ಕಳವನ್ನು ಎತ್ತಬಲ್ಲಳು. ಇದು ಅವಳ ಕ್ರೌರ್ಯಕ್ಕೆ ಸಮರ್ಥನೆಯಲ್ಲ. ಆ ಮನೆಯಲ್ಲಿ ಅಧಿಕಾರವು ಮೇಲಿಂದ ಕೆಳಗೆ ಇಳಿದ ಬಗೆ.

ತನಗಾಗಿ ಬರೆದುಕೊಂಡ ಟಿಪ್ಪಣಿಗಳನ್ನು ಸಾಹಿತ್ಯದ ಒರೆಗಲ್ಲಿಗೆ ಹಚ್ಚುವುದು ನ್ಯಾಯವೇ ಎಂದು ಕೇಳಬಹುದು. ಕೃತಿಕಾರನ ಉದ್ದೇಶ ಏನೇ ಇರಲಿ, ಯಾವುದನ್ನು ಬರೆಯಬೇಕು, ಯಾರನ್ನು ವಾಕ್ಯದ ಕರ್ತೃವಾಗಿಸಬೇಕು ಎಂಬ ಆಯ್ಕೆ ಅಲ್ಲಿಯೂ ಇದ್ದೇ ಇದೆ. ಆ ಆಯ್ಕೆ ಒಮ್ಮೆ ಸಡಿಲಿದೆ. ೧೭೧೧ರ ಫೆಬ್ರವರಿಯಲ್ಲಿ ಲೂಸಿಗೂ ಪುಟ್ಟ ಜೆನ್ನಿಗೂ ಕಾದಾಟವಾಗಿ, ಒಡತಿಯೇ ಸೋಲುತ್ತಿರಲು ಮನೆಯವರ ನೆರವಿನಿಂದ ಹುಡುಗಿಯನ್ನು ಅಡಗಿಸಿ ಥಳಿಸಿದರೆಂದು ಬರ್ಡನು ದಾಖಲಿಸಿದ್ದಾನೆ. ಬೆಲೆಪಟ್ಟಿಯ ವಸ್ತುವು ಎದುರುಬೀಳದು, ಜೆನ್ನಿ ಎದುರುಬಿದ್ದಳು. ಬರ್ಡನು ಅರಿಯದೆಯೇ ನಮಗೆ ಉಳಿಸಿಕೊಟ್ಟ ಈ ಸಾಕ್ಷ್ಯಕ್ಕಾಗಿ ಅವನ ನೀರಸವಾದ ಪುಟಗಳನ್ನು ತಾಳ್ಮೆಯಿಂದ ಓದಬೇಕಾಗಿದೆ.