ಭೂತವೂ ಭೂತಕಾಲವೂ: ಎರಡು ಉತ್ತರಭಾಗಗಳ ವಿಮರ್ಶೆ

ಕಳೆದುಹೋದ ಕಾಲಕ್ಕೂ ಸತ್ತ ಮೇಲೆ ಕಾಡುವ ಪಿಶಾಚಿಗೂ ಕನ್ನಡದಲ್ಲಿ ‘ಭೂತ’ವೆಂಬ ಒಂದೇ ಹೆಸರು ಸಲ್ಲುತ್ತದೆ. ಈ ಎರಡು ಅರ್ಥಗಳು ಒಂದನ್ನೊಂದು ನುಂಗಿಹಾಕಿದಾಗ ಕಲಾಕೃತಿಗೆ ಒದಗುವ ಹಾನಿಯನ್ನು ಎರಡು ಚಲನಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣಬಹುದು: ಮರಾಠಿಯ ‘ಝಪಾಟಲೇಲಾ 2’ (2013) ಮತ್ತು ಕನ್ನಡದ ‘ಆಪ್ತರಕ್ಷಕ’ (2010). ಸಾತಾರಾ ರಸ್ತೆಯ ಬದಿಯ ಧನಕವಡಿಯಂಥ ಬಡಾವಣೆಯಲ್ಲಿ ಬೆಳೆಯುವ ಕನ್ನಡ ಮನೆಯ ಮಗುವಿಗೆ ಇವೆರಡೂ ಪರಕೀಯವಲ್ಲ. ಒಂದು ನೆರೆಮನೆಯ ನಗೆ, ಇನ್ನೊಂದು ಹೆತ್ತವರ ನೆನಪು. ಆದುದರಿಂದ ಪುಣೆಯ ಕನ್ನಡಿಗನು ಇವನ್ನು ಜೊತೆಯಾಗಿಟ್ಟು ನೋಡುವುದು ಯುಕ್ತವಾಗಿದೆ.

ಹಾಸ್ಯವನ್ನೂ ಭಯವನ್ನೂ ಒಂದೆಡೆ ಕೂಡಿಸುವುದು ಸುಲಭದ ಕೆಲಸವಲ್ಲ. ಹಾಸ್ಯರಸಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ‘ಸಾಹಿತ್ಯದರ್ಪಣ’ದ ವಿಶ್ವನಾಥನು ಹೇಳಿದ್ದಾನೆ. ಮಹೇಶ ಕೊಠಾರೆಯವರು 1993ರಲ್ಲಿ ನಿರ್ದೇಶಿಸಿದ ‘ಝಪಾಟಲೇಲಾ’ ಈ ವಿರೋಧವನ್ನು ಜಾಣತನದಿಂದ ಪರಿಹರಿಸಿತ್ತು. ಅಮೆರಿಕದ ‘ಚೈಲ್ಡ್ಸ್ ಪ್ಲೇ’ (1988) ಚಿತ್ರದ ಕಲ್ಪನೆಯನ್ನು ಅದು ಎರವಲು ತಂದಿತೆಂಬುದು ನಿಜ. ಆದರೆ ಪೊಲೀಸರ ಗುಂಡಿಗೆ ಸಿಕ್ಕ ತಾತ್ಯಾ ವಿಂಚೂ ಎಂಬ ಪಾತಕಿಯ ಜೀವ ಗೊಂಬೆಯೊಂದನ್ನು ಹೊಕ್ಕಾಗ, ಭಯಕ್ಕೂ ನಗೆಗೂ ಆ ಗೊಂಬೆಯೇ ಆಲಂಬನವಾಯಿತು. ಮೊಣಕಾಲೆತ್ತರದ ಆಕೃತಿಯ ಬಾಯಲ್ಲಿ ಕೊಲೆಗಡುಕನ ಮಾತು ನಗಿಸುತ್ತದೆ. ಆ ಮಾತು ಹುಸಿಯಲ್ಲವೆಂದು ತಿಳಿದಾಗ ನಗೆ ನಿಲ್ಲುತ್ತದೆ. ಲಕ್ಷ್ಮೀಕಾಂತ ಬೇರ್ಡೆಯವರ ಲಕ್ಷ್ಯಾನು ಕಂಡ ಸತ್ಯವನ್ನು ಯಾರೂ ನಂಬುವುದಿಲ್ಲ. ಚಿತ್ರದ ಪ್ರಾಣವಿರುವುದು ಈ ಅಸಹಾಯಕತೆಯಲ್ಲಿ.

ಅದೇ 1993ರಲ್ಲಿ ಮಲಯಾಳದಲ್ಲಿ ಫಾಜಿಲರ ‘ಮಣಿಚಿತ್ರತ್ತಾಳ್’ ತೆರೆ ಕಂಡಿತು. ಪಿ. ವಾಸು ಅವರು ಅದನ್ನು ಆಧರಿಸಿ 2004ರಲ್ಲಿ ‘ಆಪ್ತಮಿತ್ರ’ವನ್ನು ಕನ್ನಡಕ್ಕೆ ಕೊಟ್ಟರು. ಇಲ್ಲಿ ದ್ವಾರಕೀಶರ ಹೆದರುಪುಕ್ಕಲ ಪಾತ್ರದಿಂದ ನಗೆ ಹುಟ್ಟುತ್ತದೆ. ಆದರೆ ಅವನು ಹೆದರುವ ಮನೆಯಲ್ಲಿ ನಿಜವಾಗಿಯೂ ಏನೋ ಇದೆ. ಸೌಂದರ್ಯಾ ಅವರ ಗಂಗಾ ತನ್ನನ್ನು ನಾಗವಲ್ಲಿಯೆಂದು ಭಾವಿಸಿಕೊಂಡಿದ್ದಾಳೆ. ವಿಷ್ಣುವರ್ಧನರು ಅಭಿನಯಿಸಿದ ಮನೋವೈದ್ಯನು ತಾನೇ ಆ ಕ್ರೂರ ರಾಜನ ವೇಷ ಧರಿಸಿ, ನಾಟಕವೊಂದನ್ನು ಹೂಡಿ, ರೋಗವನ್ನು ಬಿಡಿಸುತ್ತಾನೆ. ದೆವ್ವವು ಮನಸ್ಸಿನ ಸೃಷ್ಟಿ, ಮದ್ದೂ ಮನಸ್ಸಿನಲ್ಲಿಯೇ ಇದೆ ಎಂಬ ತಾತ್ಪರ್ಯದಲ್ಲಿ ಪ್ರೌಢಿಮೆಯಿದೆ.

ಉತ್ತರಭಾಗಗಳು ಮಾಡಿದ್ದೇನು? ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಬೇರೊಂದು ಮನೆಯನ್ನು ಸೇರುತ್ತದೆ, ವೇಷವಾಗಿದ್ದ ರಾಜ ಶತಾಯುಷಿಯನ್ನೂ ಮೀರಿ ಬದುಕಿರುವ ನಿಜವಾದ ರಾಜನಾಗುತ್ತಾನೆ. ಮೊದಲ ಚಿತ್ರ ಯಾವ ವಿವೇಕದಿಂದ ದೆವ್ವವನ್ನು ಬಿಡಿಸಿತ್ತೋ ಆ ವಿವೇಕವನ್ನೇ ಎರಡನೆಯದು ಕೈಬಿಟ್ಟಿತು. ‘ಝಪಾಟಲೇಲಾ 2’ ತ್ರೀ-ಡಿ ತಂತ್ರವನ್ನು ತಂದಿತು, ಲಕ್ಷ್ಯಾನ ಮಗನನ್ನು ನಾಯಕನನ್ನಾಗಿಸಿತು. ಆದರೆ ಇಪ್ಪತ್ತು ವರ್ಷಗಳ ಪರಿಚಯದ ಬಳಿಕ ತಾತ್ಯಾ ವಿಂಚೂ ಭಯದ ವಸ್ತುವಾಗಿ ಉಳಿದಿಲ್ಲ. ಪ್ರೇಕ್ಷಕನು ಅವನನ್ನು ಬಹುದಿನದ ಮೇಲೆ ಬಂದ ನೆಂಟನಂತೆ ಎದುರುಗೊಳ್ಳುತ್ತಾನೆ. ನೆಂಟನಿಗೆ ಯಾರು ಹೆದರುತ್ತಾರೆ? ಹೆದರಿಕೆ ಅಳಿದಲ್ಲಿ ಅದರ ಆಶ್ರಯದ ನಗೆಯೂ ಅಳಿಯುತ್ತದೆ.

ಇದರ ಮೂಲಕಾರಣವನ್ನು ನಮ್ಮ ರಸಶಾಸ್ತ್ರವೇ ಸೂಚಿಸುತ್ತದೆ. ಭರತನು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯೂ ಒಂದು. ಅದು ಸ್ಥಾಯಿಯನ್ನು ಪೋಷಿಸಲು ಬಂದು ಹೋಗುವ ಭಾವವೇ ಹೊರತು ತಾನೇ ಸ್ಥಾಯಿಯಲ್ಲ. ಈ ಉತ್ತರಭಾಗಗಳಲ್ಲಿ ಅತಿಥಿಯು ಯಜಮಾನನ ಪೀಠವನ್ನೇರಿದ್ದಾನೆ. ಅದರ ಮೇಲೆ ಮರಣದ ನೆರಳು ಬೇರೆ. ಬೇರ್ಡೆಯವರು 2004ರಲ್ಲಿಯೇ ತೀರಿಕೊಂಡಿದ್ದರು. ವಿಷ್ಣುವರ್ಧನರು 2009ರ ಡಿಸೆಂಬರ್ 30ರಂದು ಗತಿಸಿದ ಬಳಿಕ, 2010ರ ಫೆಬ್ರುವರಿಯಲ್ಲಿ ‘ಆಪ್ತರಕ್ಷಕ’ ಬಿಡುಗಡೆಯಾಯಿತು. ಪ್ರೇಕ್ಷಕನು ಕಣ್ಣೀರಿನೊಡನೆಯೇ ಚಿತ್ರಮಂದಿರವನ್ನು ಹೊಕ್ಕನು. ಆ ಕಣ್ಣೀರು ಪವಿತ್ರವಾದುದು. ಆದರೆ ಅದು ಲೋಕದ ಶೋಕ, ಕೃತಿಯು ಕಟ್ಟಿಕೊಟ್ಟ ಕರುಣವಲ್ಲ. ಎರಡನ್ನೂ ಒಂದೆಂದು ಬಗೆಯುವುದರಿಂದ ಅಗಲಿದ ನಟನಿಗೂ ಗೌರವ ಸಲ್ಲದು; ಏಕೆಂದರೆ ಅವನು ಹಿಂದೆ ಪಡೆದ ಮನ್ನಣೆ ಅನುಕಂಪದಿಂದ ಬಂದುದಲ್ಲ.

ಈ ಚಿತ್ರಗಳನ್ನು ಜನರು ಮೆಚ್ಚಿ ನೋಡಿದರಲ್ಲವೇ ಎಂಬ ಆಕ್ಷೇಪ ಬರಬಹುದು. ತಿಳಿದ ಕಥೆಯನ್ನು ಮತ್ತೆ ನೋಡುವುದು ನಮ್ಮಲ್ಲಿ ದೋಷವೂ ಅಲ್ಲ; ಯಕ್ಷಗಾನದ ಪ್ರೇಕ್ಷಕನಿಗೆ ಪ್ರಸಂಗದ ಅಂತ್ಯ ಮೊದಲೇ ಗೊತ್ತಿರುತ್ತದೆ. ಆದರೆ ಅಲ್ಲಿ ಅರ್ಥಧಾರಿಯು ಹಳೆಯ ಪದ್ಯಕ್ಕೆ ಆ ರಾತ್ರಿಯ ಹೊಸ ಅರ್ಥವನ್ನು ಹೇಳಬೇಕು. ನಿನ್ನೆಯ ಮಾತನ್ನೇ ಒಪ್ಪಿಸಿದರೆ ಸಭೆ ಎದ್ದುಹೋಗುತ್ತದೆ. ಪರಂಪರೆಗೂ ಹಳಹಳಿಕೆಗೂ ಇರುವ ಅಂತರ ಇಷ್ಟೇ: ಒಂದು ನೆನಪನ್ನು ಬೀಜವಾಗಿ ಬಿತ್ತುತ್ತದೆ, ಇನ್ನೊಂದು ಕಣಜದಲ್ಲಿಟ್ಟು ಕರಗುವವರೆಗೆ ತಿನ್ನುತ್ತದೆ.

ಹೊರನಾಡಿನ ಕನ್ನಡಿಗರಿಗೆ ಈ ಮಾತು ಚಿತ್ರಗಳಿಗಿಂತ ದೊಡ್ಡದಾಗಿ ಅನ್ವಯಿಸುತ್ತದೆ. ಊರು ಬಿಟ್ಟವರ ಸಂಸ್ಕೃತಿಯೇ ಒಂದು ಬಗೆಯ ಉತ್ತರಭಾಗ. ರಾಜ್ಯೋತ್ಸವದ ವೇದಿಕೆಯಲ್ಲಿ ಹಳೆಯ ಹಾಡೊಂದು ಕೇಳಿಬಂದಾಗ ಹಿರಿಯರ ಕಣ್ಣು ತೇವಗೊಳ್ಳುವುದು ಸಹಜ. ಆದರೆ ಧನಕವಡಿಯಲ್ಲಿ ಹುಟ್ಟಿ, ಮರಾಠಿಯಲ್ಲಿ ಆಡಿ ಬೆಳೆದ ಮಗುವಿಗೆ ಆ ಸ್ಮೃತಿಯಿಲ್ಲ. ಇಲ್ಲದ ನೆನಪನ್ನು ಅದರಿಂದ ಕೇಳುವುದು ನ್ಯಾಯವೂ ಅಲ್ಲ. ಆ ಮಗುವನ್ನು ಇಂದು, ಇಲ್ಲಿ, ಕನ್ನಡದಲ್ಲಿ ನಗಿಸಬಲ್ಲ, ಬೆಚ್ಚಿಬೀಳಿಸಬಲ್ಲ ಹೊಸ ಕೃತಿ ಬೇಕು. ಹಿರಿಯರ ನೆನಪನ್ನಷ್ಟೇ ನೆಚ್ಚಿದ ಕಲೆ ಆ ಹಿರಿಯರ ಆಯುಷ್ಯವನ್ನು ಮೀರಿ ಬಾಳಲಾರದು.